ಗೂಳಪ್ಪ ಹಚ್ಚಿದ ಗ್ರೀಸು

ಸದ್ದು ಮಾಡುವ ಯಂತ್ರವನ್ನು ಗೂಳಪ್ಪ ಎಂದೂ ನಂಬಿದವನಲ್ಲ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಫಿಟ್ಟರ್ ಆಗಿಯೇ ತಲೆ ನರೆಸಿಕೊಂಡ ಮನುಷ್ಯ ಅವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಂತು, "ಇದಕ್ಕ ಜಡ್ಡ ಬಂದೈತಿ" ಎಂದನೆಂದರೆ ಆ ಬೇರಿಂಗಿನ ಆಯುಷ್ಯ ಮುಗಿಯಿತೆಂದೇ ಲೆಕ್ಕ. ಗಟ್ಟಿಮುಟ್ಟಾದ ಯಂತ್ರ ಗಪ್ಪಾಗಿ ಕೆಲಸ ಮಾಡುತ್ತದೆ, ಒದರುವ ಯಂತ್ರಕ್ಕೆ ಎಲ್ಲೋ ನೋವಿದೆ. ಇದು ಅವನು ಮೂವತ್ತು ವರ್ಷ ನಂಬಿಕೊಂಡು ಬಂದ ಮಾತು.

ಇಂಥವನ ಮನೆಯಲ್ಲಿ ಹೊತ್ತು ಗೊತ್ತಿಲ್ಲದೆ ಬಡಬಡಿಸುವ ಕಂಪ್ಯೂಟರು ಬಂದು ಕೂತರೆ ಅವನ ಗತಿ ಏನಾಗಬೇಡ!

ಕಂಪ್ಯೂಟರು ಮಗಳು ಶೈಲಶ್ರೀಯದು. ಶೈಲಶ್ರೀಗೆ ಕಣ್ಣು ಕಾಣುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ದೃಷ್ಟಿಯನ್ನೂ ಜೊತೆಗೆ ಒಯ್ದಿತ್ತು. ಅವಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದು ಬಿ.ಎ. ಮುಗಿಸಿ, ಅಲ್ಲೇ ಕಂಪ್ಯೂಟರನ್ನೂ ಕಲಿತು ಮನೆಗೆ ಬಂದಿದ್ದಳು. ಪರದೆಯ ಮೇಲೆ ಬಂದ ಇಂಗ್ಲಿಷು ಅಕ್ಷರವನ್ನೆಲ್ಲ ಓದಿ ಹೇಳುವ ಒಂದು ತಂತ್ರಾಂಶ ಅದರೊಳಗಿತ್ತು. ಅವಳು ಅದನ್ನು ಓಡಿಸುತ್ತಿದ್ದ ವೇಗಕ್ಕೆ ಅದು ಭಾಷೆ ಎಂದು ಬೇರೆಯವರಿಗೆ ಗೊತ್ತಾಗುವ ಹಾಗೇ ಇರಲಿಲ್ಲ. ಮಳೆಗಾಲದ ಕಪ್ಪೆಗಳೇ ವಾಸಿ ಎಂದು ತಾಯಿ ಸತ್ತೆವ್ವ ನಗುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಗೂಳಪ್ಪನಿಗೆ ನಗು ಬರುತ್ತಿರಲಿಲ್ಲ.

"ಯವ್ವಾ, ಅದಕ್ಕ ಸ್ವಲ್ಪ ಬಾಯಿ ಮುಚ್ಚಾಕ ಹೇಳು."

"ಅದು ಬಾಯಿ ಮುಚ್ಚಿದ್ರ ನಾ ಕುರುಡಿ ಆಗ್ತೇನಪ್ಪಾ," ಎನ್ನುತ್ತಿದ್ದಳು ಅವಳು, ಕೀಲಿಗಳ ಮೇಲಿನ ಬೆರಳು ನಿಲ್ಲಿಸದೆ. ಆ ಮಾತು ಕೇಳಿದಾಗೆಲ್ಲ ಗೂಳಪ್ಪ ಮಗ್ಗಲು ಬದಲಿಸಿ ಚಾದರ ಎಳೆದುಕೊಳ್ಳುತ್ತಿದ್ದ.

ಗುರುವಾರ ಬಂತೆಂದರೆ ಇನ್ನೂ ಮಜ. ಅವತ್ತು ಕಂಪ್ಯೂಟರಿನ ಆರೈಕೆಯ ದಿನ. ಬಣ್ಣದ ಕುಂಚದಿಂದ ಕೀಲಿಗಳ ಸಂದಿಯ ಧೂಳು ಜಾಡಿಸುವುದು, ಬೇಡವಾದ ಫೈಲುಗಳನ್ನು ಅಳಿಸುವುದು, ಬೇಕಾದವನ್ನು ಸಿ.ಡಿ.ಗೆ ಏರಿಸಿಡುವುದು, ಆಮೇಲೆ ಒಳಗಿನ ಡಿಸ್ಕನ್ನು ತಪಾಸಣೆಗೆ ಹಚ್ಚಿ ಕೂಡುವುದು. ಆ ತಪಾಸಣೆ ಎಷ್ಟು ಮುಗಿಯಿತೆಂದು ಯಂತ್ರ ಒಂದರಿಂದ ನೂರರವರೆಗೆ ಎಣಿಸುತ್ತಿತ್ತು. ಕೊನೆಗೊಮ್ಮೆ ಆರಿಸಿ ಮತ್ತೆ ಹಚ್ಚಿ, ಧ್ವನಿ ತಾನಾಗಿಯೇ ಬರುತ್ತದೆಯೇ ಎಂದು ನೋಡುವಳು. ಹಿಂಬದಿಗೆ ಅಂಗೈ ಹಿಡಿದು ಫ್ಯಾನಿನ ಗಾಳಿಯನ್ನೂ ನೋಡುವಳು. ಗಾಳಿ ಬಂದರೆ ಆ ವಾರದ ಸೇವೆ ಮುಗಿದಂತೆ.

ಇದನ್ನೆಲ್ಲ ಅವಳು ತಾನೇ ಮಾಡತೊಡಗಿದ್ದಕ್ಕೆ ಕಾರಣ ಬಂಗೂರನಗರದ ಕಂಪ್ಯೂಟರ್ ಅಂಗಡಿಯ ದೇವರಾಜ. ಪಾಪ, ಒಳ್ಳೆಯ ಹುಡುಗನೇ. ಒಮ್ಮೆ ಯಂತ್ರ ನಿಧಾನವಾಯಿತೆಂದು ಅವನ ಕೈಗೆ ಕೊಟ್ಟರೆ, ಕೆಲಸಕ್ಕೆ ಬಾರದ್ದನ್ನೆಲ್ಲ ಕಿತ್ತು ಹಾಕುವ ಭರದಲ್ಲಿ ಧ್ವನಿಯನ್ನೂ ಕಿತ್ತು ಹಾಕಿ ತಂದಿಟ್ಟ. "ನೋಡ್ರಿ, ಎಲ್ಲಾ ಎಷ್ಟ್ ಚಂದ ಕಾಣ್ತೈತಿ," ಎಂದು ಶೈಲಶ್ರೀಗೇ ತೋರಿಸಿದ ಮಹಾಶಯ! ಅವಳು ಧಾರವಾಡದ ಮೇಷ್ಟ್ರಿಗೆ ಫೋನು ಹಚ್ಚಿ, ಕೇಳಿ ಕೇಳಿ, ಅದನ್ನು ತಿರುಗಿ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ತಿಂಗಳು ಕಳೆದಿತ್ತು. ಅವತ್ತಿನಿಂದ ಯಂತ್ರದ ಒಳಗೂ ಹೊರಗೂ ಅವಳದೇ ಕೈ.

ಆ ವರ್ಷ, ಅಂದರೆ ಎರಡು ಸಾವಿರದ ಐದರ ಮಳೆಗಾಲದಲ್ಲಿ, ಮುಂಡಗೋಡದ ಟಿಬೆಟನ್ ಕಾಲೊನಿಯ ಪೇಮಾ ಎಂಬ ಹೆಣ್ಣುಮಗಳು ಇವರ ಮನೆಗೆ ಬಂದಳು. ಕಾಲೊನಿಯ ಮುದುಕ ಮುದುಕಿಯರು ತಾವು ಬೆಟ್ಟ ದಾಟಿ ಬಂದ ಕಥೆಯನ್ನು, ಇಲ್ಲಿಯ ಕಾಡಿನ ಅಂಚಿನಲ್ಲಿ ಗೋವಿನಜೋಳ ಬೆಳೆದ ಕಥೆಯನ್ನು ಹೇಳುತ್ತಿದ್ದರು. ಅದನ್ನು ಒಬ್ಬ ಮಾಸ್ತರ ಇಂಗ್ಲಿಷಿಗೆ ತಿರುಗಿಸಿ ಕ್ಯಾಸೆಟ್ಟುಗಳಲ್ಲಿ ತುಂಬಿಟ್ಟಿದ್ದ. ಅವನ್ನೆಲ್ಲ ಟೈಪು ಮಾಡುವವರು ಬೇಕಾಗಿತ್ತು. ಶೈಲಶ್ರೀ ಕಿವಿಗೆ ಹೆಡ್‌ಫೋನು ಏರಿಸಿ ಒಂದು ಕ್ಯಾಸೆಟ್ಟನ್ನು ತಪ್ಪಿಲ್ಲದೆ ಬಡಿದು ಕೊಟ್ಟಳು. ಪೇಮಾಳಿಗೆ ಸಂತೋಷವಾಯಿತು. ಮುಂಡಗೋಡದ ಸಂತೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು:

"ಕೆಲಸ ನಮ್ಮ ಆಫೀಸಿನ್ಯಾಗ ಮಾಡಬೇಕು, ನಿನ್ನ ಮಿಷಿನ್ ತಗೊಂಡು ಬರಬೇಕು. ಇರಾಕ ಟೀಚರ್‌ಗಳ ಜೋಡಿ ಖೋಲಿ ಐತಿ. ಆದ್ರ ಅಲ್ಲಿ ಧೂಳು, ಮಳೀ ಬಂದ್ರ ಥಂಡಿ. ಎರಡು ಕಂಪ್ಯೂಟರ್ ಕೆಟ್ಟು ಮೂಲ್ಯಾಗ ಕುಂತಾವು. ಹುಬ್ಬಳ್ಳಿಯಿಂದ ಯಾರೂ ಬರಂಗಿಲ್ಲ. ನಿಂದು ಈ ಮಿಷಿನ್ ಯಾರು ನೋಡ್ಕೊಳ್ತಾರ?"

ಶೈಲಶ್ರೀ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಗೂಳಪ್ಪ ಎದೆ ಮುಂದೆ ಮಾಡಿ, "ನಾನ ನೋಡ್ಕೊಳ್ತೇನ್ರೀ. ನಾ ಮಿಲ್ಲಿನ್ಯಾಗ ಫಿಟ್ಟರ್ ಅದೇನಿ," ಎಂದುಬಿಟ್ಟ.

ಹಸಿ ಸುಳ್ಳು. ಆ ಪೆಟ್ಟಿಗೆಯ ಒಂದು ತಿರುಪನ್ನೂ ಅವನು ಮುಟ್ಟಿದವನಲ್ಲ. ಕಣ್ಣಿಲ್ಲದ ಮಗಳು ತನ್ನ ಯಂತ್ರವನ್ನು ತಾನೇ ನೋಡಿಕೊಳ್ಳುತ್ತಾಳೆ, ಫಿಟ್ಟರ್ ಅಪ್ಪ ಕೈಕಟ್ಟಿ ಕೂಡುತ್ತಾನೆ ಎಂದು ಪರರ ಮುಂದೆ ಹೇಳಲು ಅವನ ಮೀಸೆ ಒಪ್ಪಲಿಲ್ಲ. ಪೇಮಾಳ ಮುಖ ಸಪ್ಪಗಾಯಿತು. ಅಪ್ಪನಿಲ್ಲದ ಊರಿಗೆ ಈ ಹುಡುಗಿಯನ್ನು ಕರೆಸಿಕೊಂಡು ಮೂರನೆಯ ಕಂಪ್ಯೂಟರನ್ನೂ ಮೂಲೆಗೆ ಸೇರಿಸುವುದೇ? "ದಸರಾ ಆದ ಮ್ಯಾಲೆ ಸೋಮವಾರ ಮತ್ತ ಬರ್ತೇನಿ. ಅವತ್ತ ಹೇಳ್ತೇನಿ," ಎಂದು ಹಳಿಯಾಳದ ಬಸ್ಸು ಹತ್ತಿದಳು.

"ಯಾಕಪ್ಪಾ ಹಂಗ ಹೇಳಿದಿ?" ಎಂದು ಶೈಲಶ್ರೀ ಕೇಳಿದಳು.

"ಹೇಳಿದ್ರ ಏನಾತು? ಅಷ್ಟು ದೂರ, ಗುರ್ತಿಲ್ಲದ ಮಂದಿ... ಇಲ್ಲೇ ಕ್ಯಾಸೆಟ್ ಕೊಟ್ಟು ಕಳಸಲಿ."

"ಅವರು ಕಳಸೂದಿಲ್ಲ. ಒಂದ ಒಂದ ಪ್ರತಿ ಐತಿ. ಅಪ್ಪಾ, ನನಗ ಹೋಗಬೇಕಾಗೇತಿ."

ಗೂಳಪ್ಪ ಎದ್ದು ಹೋಗಿ ಸೈಕಲ್ಲು ಒರೆಸತೊಡಗಿದ. ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಈ ಮಗಳನ್ನು ಕೂಡಿಸಿಕೊಂಡು, ದಾರಿಯಲ್ಲಿ ಕಂಡದ್ದನ್ನೆಲ್ಲ ಬಾಯಿಂದ ತೋರಿಸುತ್ತ ಊರೆಲ್ಲ ತಿರುಗಿದವನು ಅವನು. ಹಾಸ್ಟೆಲ್ಲಿಗೆ ಬಿಟ್ಟು ಬಂದ ವರ್ಷ ಅನ್ನ ಸೇರದೆ ಸೊರಗಿದ್ದ. ತಿರುಗಿ ಬಂದ ಮಗಳು ಇನ್ನು ಮನೆಯಲ್ಲೇ ಇರುತ್ತಾಳೆಂದು ಹಾಯಾಗಿದ್ದ. ಈಗ ಮತ್ತೆ ಹೋಗುತ್ತೇನೆಂದರೆ ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ.

ದಸರೆ ಬಂತು. ಖಂಡೇ ಪೂಜೆಯ ದಿನ ಮಿಲ್ಲಿನ ಮಂದಿಗೆ ತಮ್ಮ ಆಯುಧವೇ ದೇವರು. ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಸೈಕಲ್ಲು, ಸತ್ತೆವ್ವನ ಹೊಲಿಗೆ ಮಿಷಿನ್ನು ಎಲ್ಲವನ್ನೂ ಗೂಳಪ್ಪ ಬೆಳಿಗ್ಗೆಯೇ ಒರೆಸಿ ಸಾಲಾಗಿ ಇಟ್ಟ. ತಾಯಿ ಮಗಳು ಹೂವು ತರಲು ಹೋಗಿದ್ದರು. ಕಂಪ್ಯೂಟರು ಒಂದೇ ಉಳಿದಿತ್ತು. ಅದರ ಒಳಗಿನ ಫ್ಯಾನು ಮಳೆಗಾಲದಿಂದ ಕರ್ ಕರ್ ಎನ್ನುತ್ತಿದ್ದುದು ಅವನ ಕಿವಿಯಿಂದ ತಪ್ಪಿರಲಿಲ್ಲ. ಜಡ್ಡು ಬಂದ ಬೇರಿಂಗು! ಗೂಳಪ್ಪನ ಕೈ ತುರಿಸಿತು. ಮಗಳಿಗೆ ಗೊತ್ತಿಲ್ಲದಂತೆ ಸರಿ ಮಾಡಿಟ್ಟರೆ ಎಷ್ಟು ಖುಷಿಪಟ್ಟಾಳು ಎಂದು ಒಳಗೊಳಗೇ ಹಿಗ್ಗಿದ. ಪೆಟ್ಟಿಗೆಯ ಮಗ್ಗಲು ಬಿಚ್ಚಿ, ಫ್ಯಾನಿನ ನಡುವೆ ಅಂಟಿದ್ದ ಚೀಟಿ ಕಿತ್ತು, ಸೈಕಲ್ಲಿಗೆ ಹಚ್ಚುವ ಗ್ರೀಸಿನ ಡಬ್ಬಿಯಲ್ಲಿ ಬೆರಳದ್ದಿ, ಬೇರಿಂಗಿಗೆ ತುಂಬುವ ಹಾಗೆ ಪ್ರೀತಿಯಿಂದ ತುಂಬಿದ. ಚೀಟಿ ಅಂಟಿಸಿ, ಮಗ್ಗಲು ಮುಚ್ಚಿ, ಕುಂಕುಮ ಹಚ್ಚಿ, ಸಾಲಿನಲ್ಲಿ ಕೂಡಿಸಿದ.

ಮಿಲ್ಲಿನಲ್ಲಾಗಿದ್ದರೆ ಗ್ರೀಸು ತುಂಬಿದ ಮೇಲೆ ಒಮ್ಮೆ ತಿರುಗಿಸಿ ನೋಡದೆ ಅವನು ಕದಲುತ್ತಿರಲಿಲ್ಲ. ಆದರೆ ಪೂಜೆಗೆ ಇಟ್ಟ ಆಯುಧವನ್ನು ಬನ್ನಿ ಮುಡಿಯುವ ತನಕ ನಡೆಸಬಾರದಲ್ಲ! ಚಂಡು ಹೂವಿನ ಮಾಲೆ ಹಾಕಿಸಿಕೊಂಡು ಕಂಪ್ಯೂಟರು ಮರುದಿನದವರೆಗೆ ದೇವರ ಮುಂದೆ ಗಪ್ಪಾಗಿ ಕೂತಿತು.

ದಶಮಿಯ ದಿನ ನೆರೆಹೊರೆಯವರೆಲ್ಲ ಬಂದು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟು ಹೋದ ಮೇಲೆ ಶೈಲಶ್ರೀ ಯಂತ್ರ ಹಚ್ಚಿದಳು. ಧ್ವನಿ ಬಂತು. ಕರ್ ಕರ್ ಇಲ್ಲ. ಗೂಳಪ್ಪನ ಮೀಸೆ ಅರಳಿತು. "ಯವ್ವಾ, ಕೇಳಿದೇನ..." ಎಂದು ತನ್ನ ಸಾಹಸ ಹೇಳಲು ಹೊರಟವನು, ಮಗಳ ಹುಬ್ಬು ಗಂಟಿಕ್ಕಿದ್ದನ್ನು ಕಂಡು ತಡೆದ.

"ಫ್ಯಾನಿನ ಸಪ್ಪಳ ಯಾಕ ಬರವಲ್ದು?" ಎಂದಳು ಅವಳು ತನ್ನಷ್ಟಕ್ಕೆ. ಕೈ ಹಿಂಬದಿಗೆ ಹೋಯಿತು. ಅಷ್ಟರಲ್ಲಿ ಬಡಬಡ ಓದುತ್ತಿದ್ದ ಧ್ವನಿ ಒಂದು ಶಬ್ದದ ನಡುವೆಯೇ ಕಡಿದು ನಿಂತಿತು. ಯಂತ್ರ ಆರಿಹೋಗಿತ್ತು.

ಗೂಳಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೈಕಲ್ಲಿನ ಮಂದ ಗ್ರೀಸು, ಅಂಗೈಯಗಲದ ಫ್ಯಾನು. ತಿರುಗಲು ಅದಕ್ಕೆಲ್ಲಿಯ ಕಸುವು? ಗಾಳಿಯಿಲ್ಲದೆ ಒಳಗೆಲ್ಲ ಕಾದು ಯಂತ್ರ ತಾನಾಗಿ ನಿಂತಿದೆ. ತಣ್ಣಗಾದ ಮೇಲೆ ಹಚ್ಚಿದರೆ ಹತ್ತುತ್ತದೆ, ಕಾದ ಮೇಲೆ ಮತ್ತೆ ನಿಲ್ಲುತ್ತದೆ. ಶೈಲಶ್ರೀ ಹಚ್ಚಿ ನೋಡಿದಾಗಲೂ ಹಾಗೇ ಆಯಿತು.

ಹೇಳಿಬಿಡಬೇಕೆಂದು ಬಾಯಿ ತೆರೆದ. ಆಗ ಒಂದು ಹಾಳು ವಿಚಾರ ಅವನ ತಲೆ ಹೊಕ್ಕಿತು. ಸೋಮವಾರ ಪೇಮಾ ಬರುತ್ತಾಳೆ. ಕೆಟ್ಟ ಯಂತ್ರ ನೋಡುತ್ತಾಳೆ, ಹೋಗುತ್ತಾಳೆ. ಮಗಳು ಮನೆಯಲ್ಲೇ ಉಳಿಯುತ್ತಾಳೆ. ದೇವರಾಜ ಹಬ್ಬಕ್ಕೆಂದು ಅಂಗಡಿ ಮುಚ್ಚಿ ಊರಿಗೆ ಹೋಗಿದ್ದಾನೆ. ತಾನು ಮಾಡಬೇಕಾದ್ದು ಏನೂ ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಗೂಳಪ್ಪ ಬಾಯಿ ಮುಚ್ಚಿಕೊಂಡ.

ಮರುದಿನ ಊಟಕ್ಕೆ ಕೂತಾಗ ಶೈಲಶ್ರೀ ಕೇಳಿದಳು: "ಅಪ್ಪಾ, ಮಿಷಿನ್ ಕಾದು ನಿಂತ್ರ ಮಿಲ್ಲಿನ್ಯಾಗ ಮೊದಲ ಏನ್ ನೋಡ್ತೀರಿ?"

"ಕರೆಂಟ್ ನೋಡ್ತೇವಿ," ಎಂದ ಗೂಳಪ್ಪ. ಸಣ್ಣ ಅಪ್ರೆಂಟಿಸನೂ ಹೇಳದ ಉತ್ತರ. ಹೇಳಿದ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಹೌದನು," ಎಂದಳು ಶೈಲಶ್ರೀ. ಆಮೇಲೆ ಯಂತ್ರವನ್ನು ಮುಟ್ಟಲೂ ಇಲ್ಲ. ತಾಯಿಯ ಜೊತೆ ಮೆಂತ್ಯ ಸೋಸುತ್ತ, ರೇಡಿಯೋ ಕೇಳುತ್ತ ಸುಮ್ಮನಿದ್ದಳು. ಮನೆಯಲ್ಲಿ ಬಡಬಡ ಇಲ್ಲ. ಎಷ್ಟೋ ವರ್ಷ ಬೇಕೆಂದು ಬಯಸಿದ್ದ ಹಗಲು ನಿದ್ದೆ ಗೂಳಪ್ಪನಿಗೆ ಕೈಗೆ ಸಿಕ್ಕಿತ್ತು, ಆದರೆ ಒಂದು ಗಳಿಗೆಯೂ ಕಣ್ಣು ಮುಚ್ಚಲಾಗಲಿಲ್ಲ. ಮಗಳು ಆಸೆ ಬಿಟ್ಟು ಕೂತಿದ್ದಾಳೆ, ಅವಳ ಆಸೆಗೆ ಗ್ರೀಸು ಮೆತ್ತಿದವನು ತಾನು. ಮಾತು ನಾಲಿಗೆಯ ತುದಿಗೆ ಬರುತ್ತಿತ್ತು, ಅವಳು ಹೋದ ಮೇಲಿನ ಖಾಲಿ ಮನೆ ನೆನಪಾಗಿ ತಿರುಗಿ ಹೋಗುತ್ತಿತ್ತು. ಹೀಗೇ ಭಾನುವಾರ ಕಳೆಯಿತು.

ಸೋಮವಾರ ಗೂಳಪ್ಪ ಮೊದಲ ಪಾಳಿ ಮುಗಿಸಿ ಬರುವಾಗ ಅಂಗಳದಲ್ಲಿ ಪೇಮಾಳ ಚಪ್ಪಲಿ ಇತ್ತು. ಒಳಗೆ ಅವಳು ಚಹಾ ಕುಡಿಯುತ್ತ ಕೂತಿದ್ದಳು. ಕಂಪ್ಯೂಟರು ಓದುತ್ತಿತ್ತು. ಗೂಳಪ್ಪ ಹೊಸ್ತಿಲು ದಾಟಿದ್ದೇ ತಡ, ಧ್ವನಿ ಕಡಿದು ನಿಂತಿತು.

"ಏನಾತು ಇದಕ್ಕ?" ಎಂದಳು ಪೇಮಾ, ಅವನ ಕಡೆ ತಿರುಗಿ. ನೋಡಿಕೊಳ್ಳುವವನು ಅವನೇ ತಾನೆ!

ಶೈಲಶ್ರೀ ಎದ್ದು, "ಬಿಚ್ಚಿ ನೋಡೂಣ್ರಿ ಮೇಡಂ," ಎಂದಳು. ಗೋಡೆಯಿಂದ ವೈರು ಕಿತ್ತು, ಪೆಟ್ಟಿಗೆಯನ್ನು ಚಾಪೆಯ ಮೇಲೆ ಮಲಗಿಸಿ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಬಿಚ್ಚಿದ ತಿರುಪುಗಳನ್ನೆಲ್ಲ ಒಂದು ತಾಟಿನಲ್ಲಿ ಹಾಕುತ್ತ ಹೋದಳು. ಒಂದು ತಿರುಪು ಕೈ ತಪ್ಪಿ ಉರುಳಿತು. ಗೂಳಪ್ಪ ತಟ್ಟನೆ ಬಾಗಿದ.

"ಬ್ಯಾಡಪ್ಪಾ, ಸಿಗತೈತಿ," ಎಂದಳು ಅವಳು. ಅಂಗೈ ಚಾಚಿ ಚಾಪೆಯ ಅಂಚನ್ನು ಸವರುತ್ತ ಹೋಗಿ ಅದನ್ನು ಹಿಡಿದಳು. ಗೂಳಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಇಷ್ಟು ವರ್ಷ ಅವಳ ಕೈಯಿಂದ ಏನೇ ಬಿದ್ದರೂ ಎತ್ತಿಕೊಟ್ಟ ಕೈಗಳು ಅವು, ಈಗ ಅವಕ್ಕೆ ಕೆಲಸವಿರಲಿಲ್ಲ.

ಫ್ಯಾನು ಹೊರಬಂತು. ಶೈಲಶ್ರೀ ಬೆರಳಿನಿಂದ ತಿರುವಿದಳು. ಅದು ಕದಲಿತು, ನಿಂತಿತು. ಚೀಟಿ ಬಿಚ್ಚಿದಾಗ ಬೆರಳಿಗೆ ಮೆತ್ತಗೆ ಹತ್ತಿದ್ದನ್ನು ಪೇಮಾ ಬಾಗಿ ನೋಡಿದಳು. "ಇದೇನು ಕರ್ರಗ?"

ಗೂಳಪ್ಪ ಗ್ರೀಸಿನಲ್ಲಿ ಅದ್ದಿದ್ದ ಬೆರಳನ್ನು ಬೆನ್ನ ಹಿಂದೆಯೇ ಮಡಚಿಕೊಂಡ.

"ಧೂಳ್ರೀ ಮೇಡಂ," ಎಂದಳು ಶೈಲಶ್ರೀ ಸಲೀಸಾಗಿ. "ಹಳೇ ಎಣ್ಣಿಗೆ ಧೂಳು ಕೂಡಿದ್ರ ಹಿಂಗ ಆಗ್ತೈತಿ. ಅವ್ವಾ, ಅರಳಿ ಕೊಡ, ಸ್ಪಿರಿಟ್ ಕೊಡ. ಹೊಲಿಗಿ ಮಿಷಿನ್ನಿನ ಎಣ್ಣಿನೂ ಕೊಡ."

ಸತ್ತೆವ್ವ ಎಲ್ಲವನ್ನೂ ತಂದಿಟ್ಟಳು. ಶೈಲಶ್ರೀ ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಬೆಂಕಿಕಡ್ಡಿಗೆ ಸುತ್ತಿ, ಆ ಜಿಗುಟನ್ನು ತಿರುತಿರುವಿ ತೆಗೆದಳು. ಒರೆಸಿದ ಅರಳೆಯನ್ನೆಲ್ಲ ಕಾಗದದಲ್ಲಿ ಸುತ್ತಿ ಬದಿಗಿಟ್ಟಳು, ಪೇಮಾಳಿಗೆ ಕಾಣದಂತೆ. ಹೊಲಿಗೆ ಮಿಷಿನ್ನಿನ ತೆಳುವಾದ ಎಣ್ಣೆಯನ್ನು ಒಂದು ಹನಿ ಬಿಟ್ಟು ತಿರುವಿದಳು. ಫ್ಯಾನು ನಿಲ್ಲದೆ ಸರ್ರನೆ ತಿರುಗಿತು.

ಗೂಳಪ್ಪ ನೋಡುತ್ತಿದ್ದ. ಧೂಳು ಮತ್ತು ಗ್ರೀಸಿನ ವ್ಯತ್ಯಾಸ ಗೊತ್ತಾಗದವಳಲ್ಲ ಮಗಳು. ಅಪ್ಪನ ಮಾನ ಉಳಿಸಲು ಅವಳು ಸುಳ್ಳು ಹೇಳಿದ್ದಳು. ಹೋದ ಸಲ ತಾನು ತನ್ನ ಮೀಸೆಯ ಮಾನಕ್ಕಾಗಿ ಇದೇ ಜಾಗದಲ್ಲಿ ನಿಂತು ಸುಳ್ಳು ಹೇಳಿದ್ದ. ನಾಚಿಕೆ ಅವನನ್ನು ಒಳಗಿನಿಂದ ಸುಟ್ಟಿತು.

"ಧೂಳಲ್ರೀ ಮೇಡಂ," ಎಂದ. "ಅದು ಗ್ರೀಸು. ಸೈಕಲ್ಲಿಂದು. ಖಂಡೇ ಪೂಜೀ ದಿನ ನಾ ಹಚ್ಚಿದ್ದು. ಕೆಟ್ಟಿದ್ದು ಅದರಿಂದನ. ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ಲ."

ಪೇಮಾ ಚಹಾದ ಕಪ್ಪು ಕೆಳಗಿಟ್ಟಳು. ಸತ್ತೆವ್ವ ಸೆರಗು ಬಾಯಿಗೊತ್ತಿದಳು.

"ಇನ್ನೊಂದ್ರೀ. ಈ ಮಿಷಿನ್ ನಾ ನೋಡ್ಕೊಳ್ತೇನಿ ಅಂತ ನಿಮಗ ಸುಳ್ಳ ಹೇಳಿದ್ದೆ. ನೋಡ್ಕೊಳ್ಳಾಕಿ ಆಕಿ. ಮೊದಲಿಂದ ಆಕಿನ. ನಾ ಮುಟ್ಟಿದ್ದು ಒಂದ ಸಲ, ಅವತ್ತ ಕೆಡಿಸೇನಿ." ಪೆಟ್ಟಿಗೆಯ ಕಡೆ ಕೈ ತೋರಿಸಿ ಮುಗಿಸಿದ: "ನಿಮ್ಮಲ್ಲಿ ನಾ ಇರೂದಿಲ್ಲ ಅಂತ ಅಂಜಬ್ಯಾಡ್ರಿ. ನಾ ಇಲ್ಲದಿದ್ರ ಅದು ಚಲೋ ಇರತೈತಿ."

ಪೇಮಾಳಿಗೆ ನಗು ತಡೆಯಲಾಗಲಿಲ್ಲ. ಸತ್ತೆವ್ವನೂ ನಕ್ಕಳು. ಶೈಲಶ್ರೀ ಮಾತ್ರ ತಲೆ ಬಗ್ಗಿಸಿ ತಿರುಪು ಬಿಗಿಯುತ್ತಿದ್ದಳು.

ಯಂತ್ರ ಹತ್ತಿತು. ಹಿಂಬದಿಯಿಂದ ಗಾಳಿ ಬಂತು, ಸಣ್ಣಗೆ ಸುಂಯ್ ಎನ್ನುವ ಸಪ್ಪಳವೂ. ಧ್ವನಿಯ ವೇಗವನ್ನು ಇಳಿಸಿ, ಪೇಮಾಳಿಗೆ ತಿಳಿಯುವಂತೆ ಶೈಲಶ್ರೀ ಓದಿಸಿದಳು. ಕಾಲೊನಿಯ ಯಾವುದೋ ಅಜ್ಜಿ ಮೊದಲ ಮಳೆಗಾಲದಲ್ಲಿ ಗುಡಾರ ಹಾರಿಹೋದದ್ದನ್ನು ಹೇಳಿದ್ದಳು. ಪೇಮಾ ಇನ್ನೊಂದು ಚಹಾ ಕುಡಿದಳು, ಅಜ್ಜಿಯ ಕಥೆ ಮುಗಿಯಿತು, ಮತ್ತೊಂದು ಶುರುವಾಯಿತು. ಧ್ವನಿ ಕಡಿಯಲಿಲ್ಲ.

"ದೀಪಾವಳಿ ಮುಗಿಸ್ಕೊಂಡು ಬಾ," ಎಂದಳು ಪೇಮಾ ಏಳುತ್ತ. "ಮೂಲ್ಯಾಗ ಕುಂತವು ಎರಡು ಅದಾವಲ್ಲ, ಅವನ್ನೂ ಬಿಚ್ಚಿ ನೋಡು."

ಅವಳನ್ನು ಬಸ್ಸಿಗೆ ಹತ್ತಿಸಿ ಬಂದ ಗೂಳಪ್ಪ, ಕಟ್ಟೆಯ ಮೇಲೆ ಕೂತಿದ್ದ ಮಗಳ ಪಕ್ಕದಲ್ಲಿ ಕೂತ. ಅವಳೇ ಮಾತು ತೆಗೆದಳು.

"ಗ್ರೀಸಿನ ವಾಸನಿ ನನಗ ಬನ್ನಿ ದಿನಾನ ಬಂದಿತ್ತಪ್ಪಾ. ಮಿಷಿನ್ ಕಾದಕೂಡ್ಲೇ."

ಗೂಳಪ್ಪ ದಂಗಾದ. "ಮತ್ತ ಅವತ್ತ ಯಾಕ ಬಿಚ್ಚಿ ಒರಸಲಿಲ್ಲ?"

"ಒರಸಬಹುದಿತ್ತು. ಪೇಮಾ ಮೇಡಂಗ ಬಾಯಿಲೆ ಎಷ್ಟ್ ಹೇಳಿದ್ರೂ ನಂಬಿಕಿ ಬರ್ತಿತ್ತೇನ? ಅವರ ಕಣ್ಣ ಮುಂದ ಬಿಚ್ಚೂಣಂತ ಹಂಗ ಬಿಟ್ಟೆ. ನೀ ಕೆಡಿಸಿದ್ದು ಚಲೋನ ಆತು."

ಆಸೆ ಬಿಟ್ಟು ಕೂತಿದ್ದಾಳೆಂದು ತಾನು ನಾಲ್ಕೈದು ದಿನ ನಿದ್ದೆಗೆಟ್ಟದ್ದು ನೆನಪಾಗಿ ಗೂಳಪ್ಪನಿಗೆ ಸಿಟ್ಟೂ ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಕೇಳಿದ: "ನಾ ಇವತ್ತ ಒಪ್ಪಿಕೊಳ್ಳದಿದ್ರ?"

"ಒಪ್ಪಿಕೊಳ್ಳದಿದ್ರೂ ಹೋಗ್ತಿದ್ದೆ," ಎಂದಳು ಶೈಲಶ್ರೀ. ಅವನ ಮೊಣಕೈ ಹಿಡಿದಳು. "ಆದ್ರ ತಿರುಗಿ ಬರಾಕ ಮನಸಾಗ್ತಿದ್ದಿಲ್ಲ."